ಮನೆ ಖಾಲಿ ಮಾಡುವಾಗ ಫೋನು, ನೆಟ್ಟು: ಮುರಿಯೋದಾ, ಜೊತೆಗೆ ಒಯ್ಯೋದಾ?

ಮೈಸೂರಿನ ಕುವೆಂಪುನಗರದ ಬಾಡಿಗೆ ಮನೆ ಬಿಟ್ಟು ಮಂಡ್ಯಕ್ಕೆ ಹೋಗೋದು ಅಂತ ತೀರ್ಮಾನವಾದ ರಾತ್ರಿ ನಾವಿಬ್ಬರೂ ಒಂದು ನೋಟ್‌ಬುಕ್ ಇಟ್ಟುಕೊಂಡು ಕೂತೆವು. ನಮ್ಮ ಮನೆಯವರಿಗೆ ಮಂಡ್ಯಕ್ಕೆ ವರ್ಗವಾಗಿ ಮೂರು ತಿಂಗಳಾಗಿತ್ತು. ಸುಮಾರು 45 ಕಿಲೋಮೀಟರ್ ಅಲ್ವಾ, ರೈಲಿನಲ್ಲಿ ಓಡಾಡಿದರಾಯಿತು ಅಂದುಕೊಂಡಿದ್ದರು. ಮಳೆಗಾಲ ಶುರುವಾದ ಮೇಲೆ ಆ ಉತ್ಸಾಹ ಇಳಿಯಿತು. ಸಾಮಾನು ಸಾಗಿಸೋ ಗಾಡಿ, ಹೊಸ ಮನೆಯ ಅಡ್ವಾನ್ಸ್, ಹಳೇ ಮನೆಯವರು ಸುಣ್ಣಬಣ್ಣಕ್ಕೆ ಅಂತ ಮುರಿದುಕೊಳ್ಳೋ ದುಡ್ಡು, ಮಗಳ ಟಿಸಿ, ಗ್ಯಾಸು, ಎಲ್ಲ ಬರೆದೆವು. ಆಗ ಗೋಡೆ ಮೇಲೆ ಹಸಿರು ದೀಪ ಮಿಟುಕಿಸುತ್ತಿದ್ದ ರೂಟರ್ ಕಣ್ಣಿಗೆ ಬಿತ್ತು. "ಅದಕ್ಕೆ ಒಂದು ವರ್ಷದ ದುಡ್ಡು ಕಟ್ಟಿದೀವಲ್ಲ?" ಅಂದೆ. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಾದೆವು.

ಆಮೇಲಿನ ಎರಡು ತಿಂಗಳು ಕಸ್ಟಮರ್ ಕೇರ್ ಜೊತೆ ಮಾತಾಡಿ, ಲೈನ್‌ಮ್ಯಾನ್ ಹಿಂದೆ ಸುತ್ತಿ, ಈಮೇಲ್ ಬರೆದು ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಊರು ಬದಲಿಸುವವರು ಮೊಬೈಲ್ ನಂಬರನ್ನೂ ಮನೆ ಇಂಟರ್ನೆಟ್ಟನ್ನೂ ಏನು ಮಾಡಬಹುದು, ಯಾವುದರಲ್ಲಿ ಎಷ್ಟು ದುಡ್ಡು ಹೋಗುತ್ತೆ ಅನ್ನೋದೇ ಇದರ ವಿಷಯ. ಅಮೆರಿಕ, ಇಂಗ್ಲೆಂಡಿನಿಂದ ವಾಪಸ್ ಬರುವ ಮಕ್ಕಳಿರುವ ಮನೆಗಳು ಮೈಸೂರಲ್ಲಿ ಬೀದಿಗೊಂದಾದರೂ ಇವೆ. ಅವರಿಗೂ ಒಂದಿಷ್ಟು ಬರೆದಿದ್ದೇನೆ.

ಹೆಸರಿಲ್ಲದ ದಂಡ

ಅಮೆರಿಕದಲ್ಲಿ ಇದಕ್ಕೆ ನೇರವಾದ ಹೆಸರೇ ಇತ್ತು: ಅರ್ಲಿ ಟರ್ಮಿನೇಷನ್ ಫೀ. ಅವಧಿಗೆ ಮುಂಚೆ ಕಾಂಟ್ರಾಕ್ಟ್ ಮುರಿದರೆ ಕಟ್ಟಬೇಕಾದ ದಂಡ. 2009ರ ನವೆಂಬರಿನಲ್ಲಿ ವೆರೈಜನ್ ಅನ್ನೋ ಅಲ್ಲಿನ ಫೋನ್ ಕಂಪನಿ ಸ್ಮಾರ್ಟ್‌ಫೋನುಗಳಿಗೆ ಇದನ್ನು 350 ಡಾಲರಿಗೆ ಏರಿಸಿತು. ಬಳಸಿದ ಪ್ರತಿ ತಿಂಗಳಿಗೆ 10 ಡಾಲರ್ ಇಳಿಯುತ್ತಿತ್ತು. ಎರಡು ವರ್ಷದ ಕಾಂಟ್ರಾಕ್ಟಿನಲ್ಲಿ 23 ತಿಂಗಳು ನಿಯತ್ತಾಗಿ ಬಿಲ್ ಕಟ್ಟಿ, ಕೊನೆಯ ಒಂದು ತಿಂಗಳು ಬಾಕಿ ಇರುವಾಗ ಬಿಟ್ಟರೂ 120 ಡಾಲರ್ ಕಟ್ಟಬೇಕಿತ್ತು!

ನಮ್ಮಲ್ಲಿ ಈ ಹೆಸರು ಬಿಲ್ಲಿನಲ್ಲಿ ಕಾಣುವುದು ಅಪರೂಪ. ಬಹುಪಾಲು ಜನರದ್ದು ಪ್ರೀಪೇಯ್ಡ್ ಸಿಮ್ಮು. ಫೋನನ್ನು ಅಂಗಡಿಯಲ್ಲಿ ಬೇರೆಯಾಗಿ ಕೊಳ್ಳುತ್ತೇವೆ. ಹಾಗಂತ ಇಂಥದ್ದು ಇಲ್ಲಿಗೆ ಬಂದೇ ಇಲ್ಲ ಅನ್ನುವ ಹಾಗಿಲ್ಲ. 2003ರ ಮಳೆಗಾಲದಲ್ಲಿ ರಿಲಯನ್ಸ್ 501 ರೂಪಾಯಿಗೆ ಫೋನು ಕೈಗೆ ಕೊಟ್ಟು ಉಳಿದದ್ದನ್ನು ತಿಂಗಳ ಕಂತಿಗೆ ಹಾಕಿದ್ದು ನಿಮಗೆ ನೆನಪಿರಬಹುದು. 2017ರ ಜಿಯೋಫೋನಿಗೆ 1,500 ರೂ. ಡೆಪಾಸಿಟ್ ಇತ್ತು. ಮೂರು ವರ್ಷ ಕಳೆದು ಫೋನ್ ಹಿಂತಿರುಗಿಸಿದರೆ ಪೂರ್ತಿ ದುಡ್ಡು, ಎರಡು ವರ್ಷದ ಮೇಲೆ ಕೊಟ್ಟರೆ 1,000, ಒಂದು ವರ್ಷದ ಮೇಲೆ ಕೊಟ್ಟರೆ 500. ದಂಡ ಅನ್ನೋ ಪದ ಅದರಲ್ಲಿ ಎಲ್ಲೂ ಇರಲಿಲ್ಲ. ಬೇಗ ಬಿಟ್ಟವರ ಕೈಗೆ ಬರುವ ದುಡ್ಡು ಮಾತ್ರ ಕಡಿಮೆಯಾಗುತ್ತಿತ್ತು.

ಇವತ್ತು ಅದೇ ದಂಡ ಬೇರೆ ಬೇರೆ ವೇಷದಲ್ಲಿ ಬರುತ್ತದೆ. ವರ್ಷದ ಪ್ಲಾನಿನಲ್ಲಿ ಉಳಿದ ತಿಂಗಳುಗಳ ದುಡ್ಡು. "ಫ್ರೀ ಇನ್‌ಸ್ಟಾಲೇಷನ್" ಅಂದಿದ್ದು ಬಿಡುವಾಗ ಫ್ರೀ ಅಲ್ಲದೆ ಹೋಗುವುದು. ರೂಟರಿನ ಡೆಪಾಸಿಟ್. ವರ್ಷಕ್ಕೆ ಅಂತ ಕೊಟ್ಟ ರಿಯಾಯಿತಿಯನ್ನು ಬಳಸಿದ ತಿಂಗಳುಗಳಿಂದ ವಾಪಸ್ ಕಸಿಯುವುದು. ಆದ್ದರಿಂದ "ಕ್ಯಾನ್ಸಲ್ ಮಾಡಿದರೆ ಚಾರ್ಜ್ ಎಷ್ಟು?" ಅಂತ ಕೇಳಬೇಡಿ. "ಚಾರ್ಜ್ ಏನಿಲ್ಲ ಮೇಡಂ" ಅನ್ನುತ್ತಾರೆ. ಅದು ಸುಳ್ಳೂ ಅಲ್ಲ. "ಇವತ್ತು ಬಿಟ್ಟರೆ ನನ್ನ ಕೈಗೆ ಎಷ್ಟು ವಾಪಸ್ ಬರುತ್ತೆ, ಯಾವ ತಾರೀಖಿಗೆ?" ಅಂತ ಕೇಳಿ. ಆಗ ನಿಜವಾದ ಲೆಕ್ಕ ಹೊರಗೆ ಬರುತ್ತದೆ.

ಮೊಬೈಲ್ ನಂಬರ್: ಸುಮ್ನೆ ಇರೋದೇ ವಾಸಿ

ಮೈಸೂರು, ಮಂಡ್ಯ, ಬೆಂಗಳೂರು, ಬೀದರ್ ಎಲ್ಲ ಒಂದೇ ಕರ್ನಾಟಕ ಸರ್ಕಲ್, ಅಂದರೆ ಫೋನ್ ಕಂಪನಿಗಳ ಲೆಕ್ಕದಲ್ಲಿ ಒಂದೇ ವಲಯ. ರಾಜ್ಯದೊಳಗೆ ಎಲ್ಲಿಗೆ ಹೋದರೂ ನಿಮ್ಮ ಸಿಮ್ಮಿಗೆ ಅದು ಗೊತ್ತೂ ಆಗುವುದಿಲ್ಲ. ಪ್ಲಾನು ಅದೇ, ರೇಟು ಅದೇ. ಪೋಸ್ಟ್‌ಪೇಯ್ಡ್ ಆದರೆ ಬಿಲ್ಲಿನ ವಿಳಾಸ ಬದಲಿಸಿದರೆ ಮುಗಿಯಿತು. ಚೆನ್ನೈಗೋ ಪುಣೆಗೋ ಹೋದರೂ ಈಗಿನ ಪ್ಯಾಕುಗಳಲ್ಲಿ ದೇಶದೊಳಗಿನ ರೋಮಿಂಗಿಗೆ ಬೇರೆ ದುಡ್ಡಿಲ್ಲ.

ಮುಖ್ಯವಾದ ಪ್ರಶ್ನೆ ಒಂದೇ: ಹೊಸ ಮನೆಯಲ್ಲಿ ಸಿಗ್ನಲ್ ಬರುತ್ತಾ? ಮನೆ ನೋಡಲು ಹೋದಾಗ ಎಲ್ಲರೂ ನಲ್ಲಿ ತಿರುಗಿಸಿ ನೀರು ನೋಡುತ್ತಾರೆ. ಹಾಗೇ ಅಡುಗೆಮನೆಯಲ್ಲಿ, ಒಳಗಿನ ರೂಮಿನಲ್ಲಿ ನಿಂತು ಒಂದು ಕಾಲ್ ಮಾಡಿ ನೋಡಿ. ನಾವು ಮಾಡಲಿಲ್ಲ. ಹಾಲಿನಲ್ಲಿ ನಾಲ್ಕು ಗೆರೆ ಇದ್ದ ನನ್ನ ಫೋನು ಅಡುಗೆಮನೆಗೆ ಹೋದರೆ ಸತ್ತೇ ಹೋಗುತ್ತಿತ್ತು. ಸಾರಿಗೆ ಒಗ್ಗರಣೆ ಹಾಕುವ ಹೊತ್ತಿಗೇ ಅಮ್ಮನ ಫೋನು ಬರುವುದು, ಕಟ್ ಆಗುವುದು, ಆಮೇಲೆ ಅವರು ಸಿಟ್ಟಾಗುವುದು.

ಹಾಗಾದಾಗ ಪೋರ್ಟ್ ಮಾಡಬೇಕು, ಅಂದರೆ ನಂಬರ್ ಅದೇ ಇಟ್ಟುಕೊಂಡು ಕಂಪನಿ ಬದಲಿಸಬೇಕು. ನಂಬರ್ ಪೋರ್ಟೆಬಿಲಿಟಿ 2011ರ ಜನವರಿ 20ಕ್ಕೆ ದೇಶಪೂರ್ತಿ ಬಂತು. ಬೇರೆ ಸರ್ಕಲ್ಲಿಗೂ ನಂಬರ್ ಒಯ್ಯಬಹುದು ಅಂತಾದದ್ದು 2015ರ ಜುಲೈ 3ರಿಂದ. ಇಂಗ್ಲಿಷಿನಲ್ಲಿ ಪೋರ್ಟ್ ಅಂತ ಬರೆದು, ಒಂದು ಜಾಗ ಬಿಟ್ಟು, ನಿಮ್ಮ ನಂಬರ್ ಹಾಕಿ 1900ಕ್ಕೆ ಮೆಸೇಜ್ ಕಳಿಸಿದರೆ ಯುಪಿಸಿ ಅನ್ನೋ ಎಂಟು ಅಕ್ಷರದ ಕೋಡ್ ಬರುತ್ತದೆ. ಅದಕ್ಕೆ ನಮ್ಮ ಕಡೆ ನಾಲ್ಕು ದಿನದ ಆಯಸ್ಸು. ಅಷ್ಟರೊಳಗೆ ಹೊಸ ಕಂಪನಿಯ ಅಂಗಡಿಗೆ ಆಧಾರ್ ಹಿಡಿದು ಹೋಗಬೇಕು. ಪೋರ್ಟ್ ಆಗಲು ರಾಜ್ಯದೊಳಗೆ 3 ಕೆಲಸದ ದಿನ, ಬೇರೆ ಸರ್ಕಲ್ಲಿಗಾದರೆ 5.

ಕೋಡ್ ಬರಲು ಷರತ್ತುಗಳಿವೆ. ಈಗಿನ ಕಂಪನಿಯಲ್ಲಿ 90 ದಿನ ಆಗಿರಬೇಕು. ಇತ್ತೀಚೆಗೆ ಸಿಮ್ ಕಳೆದು ಹೊಸದು ತಗೊಂಡಿದ್ದರೆ 7 ದಿನ ಕಾಯಬೇಕು. ಪೋಸ್ಟ್‌ಪೇಯ್ಡ್ ಬಿಲ್ ಬಾಕಿ ಇರಬಾರದು. ಇನ್ನೊಂದು ಷರತ್ತನ್ನು ಯಾರೂ ಓದುವುದಿಲ್ಲ. ಕಂಪನಿ ಜೊತೆ ಒಪ್ಪಂದ ಮಾಡಿಕೊಂಡು, ಅದರಲ್ಲಿ "ಬಿಡುವಾಗ ಇಷ್ಟು ಕಟ್ಟಬೇಕು" ಅಂತಿದ್ದು, ನೀವು ಕಟ್ಟದಿದ್ದರೆ ಪೋರ್ಟ್ ಆಗುವುದಿಲ್ಲ. ಪೋಸ್ಟ್‌ಪೇಯ್ಡ್ ಜೊತೆ ಫೋನ್ ಆಫರ್ ತಗೊಂಡವರು, ಫ್ಯಾನ್ಸಿ ನಂಬರಿಗೆ ಪ್ಲಾನ್ ಕಮಿಟ್‌ಮೆಂಟ್ ಕೊಟ್ಟವರು ಇಲ್ಲಿ ಸಿಕ್ಕಿಕೊಳ್ಳುತ್ತಾರೆ. ಆಫೀಸ್ ಕೊಟ್ಟ ನಂಬರ್ ಆದರೆ ಆಫೀಸಿನಿಂದ ಒಪ್ಪಿಗೆ ಪತ್ರ ಬೇಕು. ಕೆಲಸ ಬಿಡುವ ಮೊದಲೇ ಅದನ್ನು ತಗೊಳ್ಳಿ. ಬಿಟ್ಟ ಮೇಲೆ ಅಲ್ಲಿ ನಿಮ್ಮ ಫೋನ್ ಎತ್ತುವವರೇ ಇರುವುದಿಲ್ಲ.

ಪ್ರೀಪೇಯ್ಡ್‌ನವರಿಗೆ ಪೋರ್ಟಿನಲ್ಲಿ ನಷ್ಟ ಬೇರೆ ಕಡೆ ಆಗುತ್ತದೆ. ಉಳಿದ ಬ್ಯಾಲೆನ್ಸ್, ಉಳಿದ ದಿನ, ಯಾವುದೂ ಹೊಸ ಕಂಪನಿಗೆ ಬರುವುದಿಲ್ಲ. 3,600 ರೂ. ಕೊಟ್ಟು 365 ದಿನದ ರೀಚಾರ್ಜ್ ಮಾಡಿಸಿ ನಾಲ್ಕು ತಿಂಗಳಿಗೆ ಪೋರ್ಟ್ ಮಾಡಿದಿರಿ ಅನ್ನಿ, 2,400 ರೂ. ನೀರಿಗೆ ಹಾಕಿದ ಹಾಗೆ. 28 ದಿನದ ಪ್ಯಾಕಿನಲ್ಲಿ ವರ್ಷಕ್ಕೆ 13 ಸಲ ರೀಚಾರ್ಜ್ ಮಾಡಬೇಕು, ಜಾಸ್ತಿ ಬೀಳುತ್ತೆ, ನಿಜ. ಆದರೆ ಮನೆ ಬದಲಿಸುವ ಯೋಚನೆ ಇರುವ ವರ್ಷ ಅದೇ ಲಾಭ.

ನಾನೇನು ಮಾಡಿದೆ? ಪೋರ್ಟ್ ಮಾಡಲೇ ಇಲ್ಲ. ಹೊಸ ಮನೆಗೆ ನೆಟ್ ಬಂದ ಮೇಲೆ ಫೋನಿನ ಸೆಟ್ಟಿಂಗಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿದೆ, ಸಿಗ್ನಲ್ ಇಲ್ಲದ ಕಡೆ ಕಾಲ್ ಮನೆಯ ವೈಫೈ ಮೂಲಕ ಹೋಗುತ್ತದೆ. ಈಗ ಒಗ್ಗರಣೆಯ ಮಧ್ಯೆಯೂ ಅಮ್ಮನ ಜೊತೆ ಮಾತಾಡಬಹುದು. ಖರ್ಚು ಸೊನ್ನೆ. ಪೋರ್ಟ್ ಮಾಡುವ ಮುಂಚೆ ನಿಮ್ಮ ಫೋನಿನಲ್ಲೂ ಇದೊಂದನ್ನು ಹುಡುಕಿ ನೋಡಿ.

ಪೋಸ್ಟ್‌ಪೇಯ್ಡ್‌ನವರಿಗೆ ಇನ್ನೂ ಎರಡು ದಾರಿ ಇದೆ. ಒಂದು, ಅದೇ ನಂಬರನ್ನು ಪ್ರೀಪೇಯ್ಡ್ ಮಾಡಿಕೊಳ್ಳುವುದು. ಒಟಿಪಿಯಲ್ಲೇ ಆಗುತ್ತದೆ. ಮತ್ತೆ ಪೋಸ್ಟ್‌ಪೇಯ್ಡಿಗೆ ಬರಬೇಕಾದರೆ ಸ್ವಲ್ಪ ದಿನ ಕಾಯಬೇಕು ಅಷ್ಟೇ. ಮೊದಲು ಕಟ್ಟಿದ್ದ ಡೆಪಾಸಿಟ್ ಕೇಳಿ ತಗೊಳ್ಳಿ. ಅದನ್ನು ಮರೆತವರೇ ಜಾಸ್ತಿ. ಇನ್ನೊಂದು ಸೇಫ್ ಕಸ್ಟಡಿ. ಕೆಲವು ತಿಂಗಳು ದೇಶದಲ್ಲಿ ಇರುವುದಿಲ್ಲ, ನಂಬರ್ ಮಾತ್ರ ಉಳಿಯಬೇಕು ಅನ್ನುವವರಿಗೆ. ಇದಕ್ಕೆ 3 ತಿಂಗಳಿಗೆ 150 ರೂ. ಮೀರಬಾರದು ಅಂತ ಫೋನ್ ಕಂಪನಿಗಳ ಮೇಲಿನ ನಿಯಂತ್ರಣ ಸಂಸ್ಥೆ ಟ್ರಾಯ್ 2013ರಲ್ಲೇ ಮಿತಿ ಹಾಕಿದೆ. ಅಂಗಡಿಯ ಹುಡುಗರಿಗೆ ಇದು ಗೊತ್ತಿರುವುದಿಲ್ಲ, ಹೆಸರು ಹಿಡಿದು ಕೇಳಬೇಕು.

ಮನೆ ನೆಟ್ಟು: ದುಡ್ಡು ಹೋಗೋದು ಇಲ್ಲೇ

ನಮ್ಮ ಲೆಕ್ಕವನ್ನೇ ಬಿಡಿಸಿ ಇಡುತ್ತೇನೆ. ತಿಂಗಳಿಗೆ 799 ರೂ. ಪ್ಲಾನು. 18% ಜಿಎಸ್‌ಟಿ ಸೇರಿ 943. ವರ್ಷಕ್ಕೆ ಒಟ್ಟಿಗೆ ಕಟ್ಟಿದರೆ ಹತ್ತು ತಿಂಗಳ ದುಡ್ಡಿಗೆ ಹನ್ನೆರಡು ತಿಂಗಳು, ಇನ್‌ಸ್ಟಾಲೇಷನ್ ಫ್ರೀ ಅಂದರು. 9,428 ರೂ. ಕಟ್ಟಿದೆವು. ಐದು ತಿಂಗಳು ಬಳಸಿದ್ದೆವು, ಏಳು ಬಾಕಿ. ಮುಂದೆ ನಾಲ್ಕು ದಾರಿ ಕಾಣಿಸಿತು.

ಶಿಫ್ಟ್ ಮಾಡಿಸುವುದು. ಅದೇ ಕಂಪನಿ, ಅದೇ ಪ್ಲಾನು, ಮಂಡ್ಯದ ಮನೆಗೆ ಎಳೆಸುವುದು. ತೆರಿಗೆ ಸೇರಿ 590 ರೂ. ಚಾರ್ಜ್. ಉಳಿದ ಏಳು ತಿಂಗಳು ಹಾಗೇ ಸಿಗುತ್ತೆ.

ಕ್ಯಾನ್ಸಲ್ ಮಾಡುವುದು. ಇದರ ಲೆಕ್ಕವನ್ನು ಅವರು ಈಮೇಲಿನಲ್ಲಿ ಕಳಿಸಿದಾಗ ನಾನು ಎರಡು ಸಲ ಓದಿದೆ. ಬಳಸಿದ ಐದು ತಿಂಗಳಿಗೆ ತಿಂಗಳ ರೇಟು, ಅಂದರೆ 4,714. ಫ್ರೀ ಅಂದಿದ್ದ ಇನ್‌ಸ್ಟಾಲೇಷನ್ನಿಗೆ 1,770. ಎರಡೂ ಕಳೆದು ನಮಗೆ ವಾಪಸ್ 2,944. ಮಂಡ್ಯದಲ್ಲಿ ಲೋಕಲ್ ಕೇಬಲ್‌ನವರ ಹತ್ತಿರ ಹೊಸದಾಗಿ ತಗೊಂಡರೆ ತಿಂಗಳಿಗೆ 708, ಜೋಡಿಸಲು 1,000. ಏಳು ತಿಂಗಳಿಗೆ 5,956. ವಾಪಸ್ ಬಂದದ್ದನ್ನು ಕಳೆದರೆ ಕೈಯಿಂದ 3,012.

ಮೂರನೆಯದು, ಹಳೇ ಮನೆಗೆ ಬರುವ ಹೊಸ ಬಾಡಿಗೆಯವರಿಗೆ ಕನೆಕ್ಷನ್ ಬಿಟ್ಟುಕೊಡುವುದು. ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗ, "ಆಂಟಿ, ಏಳು ತಿಂಗಳಿಗೆ ಮೂರೂವರೆ ಸಾವಿರ ಕೊಡ್ತೀನಿ" ಅಂದ. ಹಾಗೆ ಮಾಡಿದ್ದರೆ ನಮಗೆ ಕೈಯಿಂದ 2,456. ಕ್ಯಾನ್ಸಲ್ಲಿಗಿಂತ ಇದೇ ವಾಸಿ. ಆದರೆ ಕಂಪನಿಯ ಕಡೆಯಿಂದ ಹೆಸರು ಬದಲಾಗಿ, ಅವರ ಆಧಾರ್ ಕೊಟ್ಟು, ಬದಲಾಯಿತು ಅನ್ನೋ ಮೆಸೇಜ್ ಬರುವ ತನಕ ಮನೆ ಬಿಡಬೇಡಿ. "ಪರವಾಗಿಲ್ಲ ಬಿಡಿ, ನಿಮ್ಮ ಹೆಸರಲ್ಲೇ ಇರಲಿ" ಅಂದರೆ ಒಪ್ಪಲೇಬಾರದು. ನಿಮ್ಮ ಹೆಸರಿನ ನೆಟ್ಟಿನಲ್ಲಿ ಯಾರು ಏನು ಮಾಡಿದರೂ ಪೊಲೀಸರು ಮೊದಲು ಬಂದು ಬಡಿಯುವುದು ನಿಮ್ಮ ಬಾಗಿಲನ್ನೇ.

ನಾಲ್ಕನೆಯದು, ಹೋಗಲಿ ಅಂತ ಬಿಟ್ಟು ಹೋಗುವುದು. ಬಹಳ ಜನ ಮಾಡುವುದು ಇದನ್ನೇ. ನಮ್ಮ ಲೆಕ್ಕದಲ್ಲಿ ಅದಕ್ಕೆ 5,956 ಪೂರ್ತಿ ಕೈಯಿಂದ. ಪೋಸ್ಟ್‌ಪೇಯ್ಡ್ ಮಾದರಿಯ ಕನೆಕ್ಷನ್ ಆದರೆ ಇನ್ನೂ ಕೆಟ್ಟದ್ದು. ಬಿಲ್ ಬೆಳೆಯುತ್ತಲೇ ಇರುತ್ತದೆ.

590 ಎಲ್ಲಿ, 3,012 ಎಲ್ಲಿ! ಶಿಫ್ಟ್ ಅಂತ ಅರ್ಜಿ ಹಾಕಿಬಿಟ್ಟೆವು. "ನಿಮ್ಮ ಏರಿಯಾದಲ್ಲಿ ಸರ್ವೀಸ್ ಇದೆ ಮೇಡಂ, ಎಂಟು ದಿನ" ಅಂದರು. ಆ ಹುಡುಗನಿಗೆ ಬೇಡಪ್ಪ ಅಂದೆವು.

ಎಂಟು ದಿನ ಕಳೆಯಿತು, ಹದಿನೈದು ಕಳೆಯಿತು. ಮಗಳ ಆನ್‌ಲೈನ್ ಕ್ಲಾಸು ನನ್ನ ಮೊಬೈಲ್ ಹಾಟ್‌ಸ್ಪಾಟಿನಲ್ಲಿ ನಡೆಯಿತು, ಅದೂ ಹಾಲಿನಲ್ಲಿ ಮಾತ್ರ. ಮೂರನೇ ವಾರ ಒಬ್ಬ ಲೈನ್‌ಮ್ಯಾನ್ ಬೈಕಿಗೆ ಏಣಿ ಕಟ್ಟಿಕೊಂಡು ಬಂದ. ಗೇಟಿನ ಮುಂದೆ ನಿಂತು ಎರಡೂ ಕಡೆಯ ಕಂಬ ನೋಡಿದ. ಏಣಿ ಇಳಿಸಲೇ ಇಲ್ಲ.

"ಈ ಬೀದೀಗ್ ನಮ್ ಡಬ್ಬ ಇಲ್ಲ ಕಣಕ್ಕ. ಮೇನ್‌ರೋಡ್ ಗಂಟ ಬಂದದೆ, ಇಲ್ಲಿಗ್ ಬಂದಿಲ್ಲ."

"ಫೋನಲ್ಲಿ ಇದೆ ಅಂದ್ರಲ್ಲಪ್ಪ?"

"ಅವ್ರು ಕಂಪ್ಯೂಟರ್ ನೋಡ್ಕಂಡ್ ಹೇಳ್ತರೆ ಕಣಕ್ಕ. ನಾನು ಕಂಬ ನೋಡ್ಕಂಡ್ ಹೇಳ್ತೀನಿ."

ಅವನು ಹೇಳಿದ ಈ ಮಾತು ಮೂರು ವಾರ ಮುಂಚೆ ಗೊತ್ತಿದ್ದರೆ ನಮಗೆ ಸುಮಾರು ಅಲೆದಾಟ ಉಳಿಯುತ್ತಿತ್ತು. ಫೈಬರ್ ಒಂದು ಡಬ್ಬದಿಂದ ಕೆಲವೇ ಮನೆಗಳಿಗೆ ಒಡೆದು ಹೋಗುತ್ತದೆ. ನಿಮ್ಮ ಬೀದಿಯಲ್ಲಿ ಡಬ್ಬ ಇರಬೇಕು, ಅದರಲ್ಲಿ ಖಾಲಿ ಜಾಗವೂ ಇರಬೇಕು. ಪಿನ್‌ಕೋಡ್ ಹಾಕಿ ನೋಡುವವರಿಗೆ ಇದು ಕಾಣುವುದಿಲ್ಲ. ಆದ್ದರಿಂದ ಶಿಫ್ಟಿಗೆ ಅರ್ಜಿ ಹಾಕುವ ಮೊದಲು ಹೊಸ ಬೀದಿಯಲ್ಲಿ ಒಂದು ಸಲ ನಡೆದು ಬನ್ನಿ. ಕಂಬದ ಮೇಲೆ ಯಾವ ಕಂಪನಿಯ ಡಬ್ಬ ಇದೆ ನೋಡಿ. ಪಕ್ಕದ ಮನೆಯವರನ್ನು, "ನಿಮ್ಮನೇಲಿ ಯಾವ ನೆಟ್ಟು, ಮಳೆ ಬಂದಾಗ ಹೋಗುತ್ತಾ?" ಅಂತ ಕೇಳಿ. ಹೊಸ ನೆರೆಯವರ ಪರಿಚಯವೂ ಆಗುತ್ತದೆ. ಡಬ್ಬ ಇಲ್ಲದ ಬೀದಿಗೆ ಈಗ 5ಜಿ ಸಿಗ್ನಲ್ಲಿನಿಂದ ಬರುವ ಏರ್‌ಫೈಬರ್ ಇದೆ, 2023ರಲ್ಲಿ ಜಿಯೋ, ಏರ್‌ಟೆಲ್ ಎರಡೂ ಶುರು ಮಾಡಿದವು. ಛಾವಣಿ ಮೇಲೆ ಚಿಕ್ಕ ಪೆಟ್ಟಿಗೆ ಕೂರಿಸುತ್ತಾರೆ. ಬಾಡಿಗೆ ಮನೆಯಾದರೆ ಓನರ್ ಒಪ್ಪಬೇಕು. ನಮ್ಮ ಓನರಿಗೆ ಸೋಲಾರ್ ಪಕ್ಕ ಇನ್ನೊಂದು ಏನೂ ಬೇಡವಂತೆ, ಅಲ್ಲಿಗೆ ಆ ಮಾತು ಮುಗಿಯಿತು.

ಅಷ್ಟು ಹೊತ್ತಿಗೆ ಹಳೇ ಮನೆಯ ಹುಡುಗ ಬೇರೆ ಕನೆಕ್ಷನ್ ಹಾಕಿಸಿಕೊಂಡಿದ್ದ. ಉಳಿದದ್ದು ಕ್ಯಾನ್ಸಲ್ ಒಂದೇ. ಆದರೆ ಈಗ ನನ್ನ ಕೈಯಲ್ಲಿ ಒಂದು ಹಿಡಿತ ಇತ್ತು. ನಾನು ಬಿಡುತ್ತೇನೆ ಅಂದಿರಲಿಲ್ಲ. ಜೊತೆಗೆ ಬನ್ನಿ ಅಂದೆ, ಅವರಿಗೆ ಬರಲಾಗಲಿಲ್ಲ. ಅದನ್ನೇ ಈಮೇಲಿನಲ್ಲಿ ಬರೆದೆ. ಶಿಫ್ಟ್ ಅರ್ಜಿಯ ನಂಬರ್, ಎಂಟು ದಿನ ಅಂದ ಮೆಸೇಜಿನ ಫೋಟೋ, ಲೈನ್‌ಮ್ಯಾನ್ ಬಂದು ಹೋದ ತಾರೀಖು ಎಲ್ಲ ಹಾಕಿ, "ಸೇವೆ ಕೊಡಲು ನಿಮಗೆ ಆಗದಿದ್ದಾಗ ಇನ್‌ಸ್ಟಾಲೇಷನ್ ದುಡ್ಡು ಮುರಿಯುವುದು ಹೇಗೆ ಸರಿ?" ಅಂತ ಕೇಳಿದೆ. ಮೊದಲ ಉತ್ತರ, ಪಾಲಿಸಿ. ಅದನ್ನೇ ಅವರ ಮೇಲ್ಮನವಿ ವಿಭಾಗಕ್ಕೆ ಕಳಿಸಿದೆ. ಎರಡು ವಾರಕ್ಕೆ 1,770 ಬಿಟ್ಟುಕೊಟ್ಟರು. ಒಟ್ಟು 4,714 ವಾಪಸ್ ಬಂತು, ಕಟ್ಟಿದ್ದರಲ್ಲಿ ಸರಿಯಾಗಿ ಅರ್ಧ. ವರ್ಷದ ರಿಯಾಯಿತಿ ಕಸಿದುಕೊಂಡದ್ದರಲ್ಲಿ ಹೋದ 786 ರೂಪಾಯಿಗೆ ಜಗಳ ಮುಂದುವರಿಸುವ ಶಕ್ತಿ ನನಗಿರಲಿಲ್ಲ.

ಜರ್ಮನಿಯಲ್ಲಾದರೆ ಈ ಜಗಳವೇ ಬೇಕಿರಲಿಲ್ಲ. 2021ರ ಡಿಸೆಂಬರಿನಿಂದ ಅಲ್ಲಿನ ಕಾನೂನು ಹೇಳುವುದು ಇಷ್ಟು: ಹೊಸ ವಿಳಾಸದಲ್ಲಿ ಕಂಪನಿಗೆ ಸೇವೆ ಕೊಡಲಾಗದಿದ್ದರೆ ಒಂದು ತಿಂಗಳ ನೋಟಿಸ್ ಕೊಟ್ಟು ಗ್ರಾಹಕ ಹೊರಬರಬಹುದು.

ರೂಟರಿನ ಬಗ್ಗೆ ಒಂದು ಮಾತು. ಅದು ಕಂಪನಿಯದ್ದಾದರೆ ವಾಪಸ್ ಕೊಡುವಾಗ ಅಡಾಪ್ಟರ್ ಸಮೇತ ಫೋಟೋ ತೆಗೆಯಿರಿ. ಹಿಂದೆ ಅಂಟಿಸಿರುವ ಸೀರಿಯಲ್ ನಂಬರ್ ಕಾಣಬೇಕು. ತಗೊಂಡು ಹೋದವನಿಂದ ರಸೀದಿ ಇಲ್ಲವೇ ಕೊನೆಗೆ ಒಂದು ವಾಟ್ಸ್‌ಆ್ಯಪ್ ಮೆಸೇಜ್ ಆದರೂ ಬರೆಸಿಕೊಳ್ಳಿ. ಸರಸ್ವತಿಪುರಂನಲ್ಲಿರುವ ನನ್ನ ಗೆಳತಿ ರೂಟರನ್ನು ಬಾಗಿಲಲ್ಲೇ ಒಬ್ಬ ಹುಡುಗನ ಕೈಗೆ ಕೊಟ್ಟಳು. ಮೂರು ತಿಂಗಳಾದ ಮೇಲೆ "ರೂಟರ್ ಹಿಂತಿರುಗಿಸಿಲ್ಲ, 2,500 ರೂ. ಬಾಕಿ" ಅಂತ ಮೆಸೇಜ್ ಬಂತು. ಹುಡುಗ ಯಾರು, ಎಲ್ಲಿ, ಏನೂ ಗೊತ್ತಿಲ್ಲ.

ಮನೆಯಲ್ಲಿ ಲ್ಯಾಂಡ್‌ಲೈನ್ ಇರುವವರು ಇನ್ನೂ ಇದ್ದಾರೆ. ಮೊಬೈಲಿನ ಹಾಗೆ ಅದರ ನಂಬರ್ ಬೇರೆ ಕಂಪನಿಗೆ ಪೋರ್ಟ್ ಆಗುವುದಿಲ್ಲ. ಮೈಸೂರಿನದ್ದು 0821, ಮಂಡ್ಯದ್ದು 08232. ಊರು ಬಿಟ್ಟರೆ ನಂಬರೂ ಬಿಟ್ಟ ಹಾಗೆ. ಬ್ಯಾಂಕು, ಎಲ್‌ಐಸಿಯಲ್ಲಿ ಆ ನಂಬರ್ ಕೊಟ್ಟಿದ್ದರೆ ಮೊದಲೇ ಬದಲಿಸಿ.

ಹೊರದೇಶದಿಂದ ವಾಪಸ್ ಬರುವವರಿಗೆ

ನನ್ನ ಅಕ್ಕನ ಮಗ ಡಲ್ಲಾಸಿನಿಂದ ಮೈಸೂರಿಗೆ ವಾಪಸ್ ಬಂದ. ಅವನ ಅಪ್ಪ ಅಮ್ಮ ಇರುವುದು ಜಯಲಕ್ಷ್ಮೀಪುರಂನಲ್ಲಿ. "ಈಗ ಅಲ್ಲಿ ಕಾಂಟ್ರಾಕ್ಟೇ ಇಲ್ಲ ಚಿಕ್ಕಮ್ಮ" ಅಂದಿದ್ದ. ಅರ್ಧ ನಿಜ. 2013ರ ಮಾರ್ಚಿನಲ್ಲಿ ಅಲ್ಲಿನ ಟಿ-ಮೊಬೈಲ್ ಕಂಪನಿ ಎರಡು ವರ್ಷದ ಕಾಂಟ್ರಾಕ್ಟ್ ಕೈಬಿಟ್ಟಿತು, ಮಿಕ್ಕವರೂ ಆಮೇಲೆ ಅದೇ ದಾರಿ ಹಿಡಿದರು. ಆದರೆ ಅದರ ಜಾಗಕ್ಕೆ ಫೋನಿನ ಕಂತು ಬಂತು. 24 ತಿಂಗಳು, 36 ತಿಂಗಳು.

ಅವನ ಫೋನಿಗೆ ತಿಂಗಳಿಗೆ 28 ಡಾಲರ್ ಕಂತು, 36 ತಿಂಗಳು. ಹಳೇ ಫೋನ್ ಕೊಟ್ಟಿದ್ದಕ್ಕೆ ತಿಂಗಳಿಗೆ 20 ಡಾಲರ್ ಬಿಲ್ಲಿನಲ್ಲಿ ವಜಾ. ಕೈಯಿಂದ ಹೋಗುತ್ತಿದ್ದದ್ದು 8 ಡಾಲರ್. ಇಪ್ಪತ್ತನೇ ತಿಂಗಳು ಹೊರಟ. ಇನ್ನು 16 ತಿಂಗಳು, ಎಂಟೆಂಟರಂತೆ 128 ಡಾಲರ್ ಕಟ್ಟಿದರೆ ಮುಗಿಯಿತು ಅಂದುಕೊಂಡಿದ್ದ. ಬಿಲ್ ಬಂದದ್ದು 448! ಲೈನ್ ಮುಚ್ಚಿದರೆ ಉಳಿದ ಕಂತೆಲ್ಲ ಒಂದೇ ಸಲ ಕಟ್ಟಬೇಕು, ವಜಾ ನಿಂತುಹೋಗುತ್ತದೆ. ವಜಾ ತಿಂಗಳು ತಿಂಗಳು ಬರುವುದೇ ನೀವು ಬಿಟ್ಟು ಹೋಗದಿರಲಿ ಅಂತ.

ಅವನ ಎದುರಿಗೆ ಇದ್ದ ದಾರಿ ಎರಡು. 448 ಕಟ್ಟಿ ಕೈತೊಳೆದುಕೊಳ್ಳುವುದು, ಇಲ್ಲಾಂದರೆ ವಜಾ ಪೂರ್ತಿ ಬರುವ ತನಕ ಲೈನ್ ಇಟ್ಟುಕೊಳ್ಳುವುದು. ಎರಡನೆಯದರಲ್ಲಿ 320 ಡಾಲರ್ ವಜಾ ಉಳಿಯುತ್ತೆ. ಆದರೆ ಅದನ್ನು ಪಡೆಯಲು 16 ತಿಂಗಳು ಅಲ್ಲಿನ ಪ್ಲಾನಿನ ದುಡ್ಡು ಕಟ್ಟಬೇಕು. ಆ ಪ್ಲಾನಿಗೆ ತಿಂಗಳಿಗೆ 20 ಡಾಲರಿಗಿಂತ ಜಾಸ್ತಿ ಇದ್ದರೆ ಕಟ್ಟಿ ಮುಗಿಸುವುದೇ ವಾಸಿ. ಅವನು ಕಟ್ಟಿದ. ಅಲ್ಲಿನ ಬ್ಯಾಂಕಿನ ಒಟಿಪಿಗೆ ನಂಬರ್ ಬೇಕು ಅನ್ನುವವರು ಅದನ್ನು ಯಾವುದಾದರೂ ಅಗ್ಗದ ಪ್ಲಾನಿಗೆ ಪೋರ್ಟ್ ಮಾಡಿ ಇಟ್ಟುಕೊಳ್ಳಬಹುದು. ಮುಚ್ಚಿದ ಮೇಲೆ ಪೋರ್ಟ್ ಆಗುವುದಿಲ್ಲ, ಹೊರಡುವ ಮೊದಲೇ ಮಾಡಬೇಕು.

ಕಂತು ತೀರದ ಫೋನು ಲಾಕ್ ಆಗಿರುವುದೂ ಉಂಟು. ಅಂಥ ಫೋನು ಇಲ್ಲಿ ಯಾವ ಸಿಮ್ಮನ್ನೂ ಒಪ್ಪುವುದಿಲ್ಲ. ವಿಮಾನ ಹತ್ತುವ ಮೊದಲು ಅನ್‌ಲಾಕ್ ಮಾಡಿಸಿ. ಐಫೋನ್ 14ರಿಂದ ಈಚೆಗೆ ಅಮೆರಿಕದಲ್ಲಿ ಮಾರುವ ಐಫೋನುಗಳಲ್ಲಿ ಸಿಮ್ ಹಾಕುವ ಜಾಗವೇ ಇಲ್ಲ, ಫೋನಿನೊಳಗೇ ಇರುವ ಇ-ಸಿಮ್ ಮಾತ್ರ. ಜಿಯೋ, ಏರ್‌ಟೆಲ್, ವಿ (ವೊಡಾಫೋನ್ ಐಡಿಯಾ) ಮೂರೂ ಇ-ಸಿಮ್ ಕೊಡುತ್ತವೆ. ದೇವರಾಜ ಅರಸು ರಸ್ತೆಯಲ್ಲಿ ಸಿಮ್ ಹಿಡಿದು ತೂತು ಹುಡುಕುತ್ತ ನಿಲ್ಲಬೇಡಿ. ನಮ್ಮ ಹುಡುಗ ನಿಂತಿದ್ದ.

ಇಂಗ್ಲೆಂಡಿನವರಿಗೆ ಸುಲಭ. ಇಂಗ್ಲಿಷಿನಲ್ಲಿ ಇನ್ಫೋ ಅಂತ ಬರೆದು 85075ಕ್ಕೆ ಮೆಸೇಜ್ ಕಳಿಸಿದರೆ ಈಗ ಬಿಟ್ಟರೆ ಎಷ್ಟು ದಂಡ ಅಂತ ಕಂಪನಿಯೇ ತಿಳಿಸಬೇಕು. 2019ರ ಜುಲೈನಿಂದ ಈ ನಿಯಮ ಇದೆ. ಕೆನಡಾದಲ್ಲಿ ಎರಡು ವರ್ಷ ಕಳೆದ ಮೇಲೆ ದಂಡ ಹಾಕುವ ಹಾಗಿಲ್ಲ. ಅಮೆರಿಕದ ಸೈನಿಕರಿಗೆ ಕಾನೂನೇ ರಕ್ಷಣೆ ಕೊಟ್ಟಿದೆ. ತಮ್ಮ ಕಂಪನಿಯ ಸೇವೆ ಇಲ್ಲದ ಊರಿಗೆ 90 ದಿನಕ್ಕೆ ಕಡಿಮೆ ಇಲ್ಲದ ಹಾಗೆ ಕಳಿಸಿದರೆ ಅವರು ದಂಡವಿಲ್ಲದೆ ಬಿಡಬಹುದು. ಸಾಫ್ಟ್‌ವೇರ್‌ನವರಿಗೆ ಆ ಭಾಗ್ಯ ಇಲ್ಲ.

ದುಡ್ಡು ಬರದಿದ್ದರೆ

ಮೊದಲು ಕಂಪನಿಗೆ ದೂರು, 198ಕ್ಕೆ ಅಥವಾ ಆ್ಯಪಿನಲ್ಲಿ. ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಸರಿಹೋಗದಿದ್ದರೆ 30 ದಿನದೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ. ಅವರು 39 ದಿನದಲ್ಲಿ ತೀರ್ಮಾನಿಸಬೇಕು. ನನ್ನ ಕೆಲಸ ಆದದ್ದು ಇಲ್ಲೇ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ಮೈಸೂರಲ್ಲೂ ಇದೆ, ಮಂಡ್ಯದಲ್ಲೂ ಇದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಬಂದ ಮೇಲೆ ನೀವು ಈಗ ಇರುವ ಊರಿನಲ್ಲೇ ದೂರು ಕೊಡಬಹುದು. ಊರು ಬದಲಿಸಿದವರಿಗೆ ಇದು ದೊಡ್ಡ ಅನುಕೂಲ. 5 ಲಕ್ಷದ ತನಕ ಶುಲ್ಕವೂ ಇಲ್ಲ. ಫೋನ್ ಕಂಪನಿಗಳ ವಿಷಯ ಗ್ರಾಹಕರ ಆಯೋಗಕ್ಕೆ ಬರುವುದಿಲ್ಲ ಅನ್ನೋ ವಾದಕ್ಕೆ 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೆರೆ ಎಳೆದಿದೆ. ಅದೇ ಕಾಯ್ದೆಯಲ್ಲಿ ಅನ್ಯಾಯದ ಒಪ್ಪಂದ ಅನ್ನೋ ಮಾತೂ ಇದೆ. ಕಂಪನಿಗೆ ಆದ ನಷ್ಟಕ್ಕೂ ಹಾಕಿದ ದಂಡಕ್ಕೂ ತಾಳಮೇಳವೇ ಇಲ್ಲದಿದ್ದರೆ ಅದು ಅನ್ಯಾಯದ ಒಪ್ಪಂದ. ಆದರೆ ಅದನ್ನು ಎತ್ತಲು ಬೆಂಗಳೂರಿನ ರಾಜ್ಯ ಆಯೋಗಕ್ಕೆ ಹೋಗಬೇಕು. ಎರಡು ಮೂರು ಸಾವಿರಕ್ಕೆ ಅಷ್ಟು ದೂರ ಯಾರು ಹೋಗುತ್ತಾರೆ? ಈಮೇಲಿನಲ್ಲಿ ಆ ಮಾತು ಹಾಕಿದರೆ ಮಾತ್ರ ಉತ್ತರದ ಧಾಟಿ ಬದಲಾಗುವುದನ್ನು ನೋಡಿದ್ದೇನೆ.

ಹೊಸ ಮನೆಗೆ ಯಾವ ಪ್ಲಾನು?

ಕ್ಯಾನ್ಸಲ್ ಮುಗಿದ ವಾರ ಹೊಸ ಮನೆಯ ಬಾಡಿಗೆ ಕರಾರು ಪತ್ರ ಮತ್ತೆ ಕೈಗೆ ಬಂತು. 11 ತಿಂಗಳು ಅಂತ ಬರೆದಿತ್ತು. ಬಾಡಿಗೆ ಮನೆಯವರ ಕರಾರು ಸಾಮಾನ್ಯವಾಗಿ ಅಷ್ಟೇ ಅಲ್ವಾ? ಮೈಸೂರಿನ ಮನೆಯದ್ದೂ 11 ತಿಂಗಳದ್ದೇ. ಆ ಮನೆಯ ನೆಟ್ಟಿಗೆ 12 ತಿಂಗಳ ದುಡ್ಡು ಒಟ್ಟಿಗೆ ಕಟ್ಟಿದ್ದೆವು. ಮನೆಯನ್ನೇ ಅಷ್ಟು ದಿನ ನಂಬದವರು ರೂಟರನ್ನು ನಂಬಿದ್ದೆವು.

ಸ್ವಂತ ಮನೆಯವರು ವರ್ಷದ ಪ್ಲಾನ್ ಕಣ್ಣು ಮುಚ್ಚಿ ತಗೊಳ್ಳಬಹುದು. ವರ್ಗವಾಗುವ ಕೆಲಸ ಇದ್ದರೆ, ಬಾಡಿಗೆ ಮನೆಯಾದರೆ, ಓದುವ ಮಕ್ಕಳ ರೂಮಾದರೆ ತಿಂಗಳದ್ದೇ ಸರಿ. ಮಧ್ಯದ ದಾರಿ ಬೇಕು ಅನ್ನುವವರಿಗೆ ಮೂರು ತಿಂಗಳದ್ದು ಸಿಗುತ್ತೆ. ಆದರೆ ಮೂರು ತಿಂಗಳಿಗೆ ಕೊಡುವ ರಿಯಾಯಿತಿ ಎಷ್ಟೋ ಕಡೆ ಸುಮ್ನೆ ಹೆಸರಿಗೆ, ಗುಣಿಸಿ ನೋಡಿ.

ಮಂಡ್ಯದ ಮನೆಗೆ ನಾವು ಲೋಕಲ್ ಕೇಬಲ್‌ನವರದ್ದೇ ತಗೊಂಡೆವು. 708 ರೂ., ತಿಂಗಳಿಗೊಮ್ಮೆ. ಕರೆಂಟ್ ಹೋದರೆ ನೆಟ್ಟೂ ಹೋಗುತ್ತದೆ, ಅದೊಂದು ತಕರಾರು. ಪ್ರತಿ ತಿಂಗಳು ಐದನೇ ತಾರೀಖು ಬೆಳಿಗ್ಗೆ ಒಬ್ಬ ಹುಡುಗ ಫೋನ್ ಮಾಡುತ್ತಾನೆ: "ಅಕ್ಕ, ನೆಟ್ ದುಡ್ಡು." ಅಡುಗೆಮನೆಯಲ್ಲೇ ನಿಂತು ಫೋನ್‌ಪೇ ಮಾಡುತ್ತೇನೆ.